ಸೊರಬಕ್ಕೆ ಹೋದವಳ ಬೆಲೆ

ಶಿಕಾರಿಪುರ
5 ನವೆಂಬರ್ 2024

ನಾಗಶ್ರೀ,

ಬಸ್ಸಿನ ಕಿಟಕಿಯಿಂದ ನೀನು ಕೂಗಿ ಹೇಳಿದ್ದು ಮರೆತಿಲ್ಲ. "ಫೋನ್ ಮಾಡ್ಬ್ಯಾಡ, ಕಾಗದ ಬರಿ. ಪೋಸ್ಟಿನ ಚೀಲದಾಗೆ ಬರೀ ಬ್ಯಾಂಕಿನ ನೋಟೀಸೇ ಬರ್ತಾವಂತೆ." ಅಂಚೆ ಕೆಲಸಕ್ಕೆ ಸೇರಿದವಳ ಮಾತು ಮೀರಬಾರದೆಂದು, ಝೆರಾಕ್ಸ್ ಅಂಗಡಿಯಲ್ಲಿ ಗಿರಾಕಿಗಳಿಲ್ಲದ ಹೊತ್ತು ನೋಡಿ ಬರೆಯಲು ಕೂತಿದ್ದೇನೆ.

ಹಬ್ಬಕ್ಕೆ ಬಳ್ಳಿಗಾವಿಗೆ ಬಂದು ಹೋದೆಯಂತೆ. ನಿಮ್ಮ ಅವ್ವ ಸಂತೆಗೆ ಬಂದಾಗ ಹೇಳಿದರು. ಸೊರಬ ತಾಲ್ಲೂಕಿನ ಉಳವಿಯಲ್ಲಿ ಕೆಲಸ ಸಿಕ್ಕಿದ್ದನ್ನು ನನಗೇ ಮೊದಲು ಹೇಳಿದೆ. ಸೊರಬದ ಕ್ರಿಕೆಟ್ ತಂಡಕ್ಕೆ ಹೆಸರು ಕೊಟ್ಟಿದ್ದನ್ನು ಮಾತ್ರ ನಮ್ಮ ಜೊತೆಯ ಮಾಲಾ ಬಂದು ಹೇಳಬೇಕಾಯಿತು. ಇರಲಿ.

ಲೀಗ್ ಹದಿನೇಳಕ್ಕೆ ಶುರು. ನಮ್ಮ ಪಾಯಿಂಟ್ ಆಟಕ್ಕೂ ಈ ಸಲ ಜನ ಹೆಚ್ಚಿದ್ದಾರೆ. ನಿಯಮ ಹಳೆಯದೇ. ಜಿಲ್ಲೆಯ ಏಳು ತಾಲ್ಲೂಕಿನ ಹುಡುಗಿಯರಲ್ಲಿ ಹನ್ನೊಂದು ಜನರನ್ನು, ಅವರ ಬೆಲೆ ಒಟ್ಟು ನೂರು ದಾಟದಂತೆ, ಆರಿಸಿಕೊಂಡು ತಮ್ಮದೊಂದು ತಂಡ ಕಟ್ಟಬೇಕು. ಅವರು ಮೈದಾನದಲ್ಲಿ ಹೊಡೆದ ರನ್ನು, ತೆಗೆದ ವಿಕೆಟ್ಟು ಇವರಿಗೆ ಪಾಯಿಂಟು. ದುಡ್ಡಿನ ಮಾತಿಲ್ಲ. ಕೊನೆಗೆ ಸೋತವರು ಎಲ್ಲರಿಗೂ ಮಿರ್ಚಿ ಮಂಡಕ್ಕಿ ಕೊಡಿಸಬೇಕು. ಆದರೆ ಯಾವ ಆಟಗಾರ್ತಿಗೆ ಎಷ್ಟು ಬೆಲೆ ಅಂತ ಇಡುವವಳು ನಾನಲ್ಲವೇ, ನಿನ್ನ ಹೆಸರಿಗೆ ಬಂದು ಕೈ ನಿಂತಿದೆ.

ಹೋದ ವರ್ಷ ನಿನ್ನ ಬೆಲೆ ಹನ್ನೆರಡು, ಎಲ್ಲರಿಗಿಂತ ಹೆಚ್ಚು. ಆದರೆ ಅದು ನಮ್ಮ ಮೈದಾನ. ಚೆಂಡು ನಿಂತು ಬರುತ್ತದೆ, ನಿನ್ನ ಎಡಗೈ ಸ್ಲೋ ಬಾಲ್ ಯಾರಿಗೂ ಸಿಗುವುದಿಲ್ಲ. ಮುಂದೆ ಬಂದವರನ್ನು ಸ್ಟಂಪಿನ ಹಿಂದೆ ನಾನು ಬಿಡುತ್ತಿರಲಿಲ್ಲ. ನಿನ್ನ ವಿಕೆಟ್ಟುಗಳಲ್ಲಿ ಅರ್ಧಕ್ಕರ್ಧ ನನ್ನ ಸ್ಟಂಪಿಂಗ್ ಅಂತ ನಾನು ಹೇಳಿದರೆ ಜಂಬ ಅನ್ನುತ್ತೀಯ. ಅಲ್ಲಿ ಕೀಪರ್ ಯಾರು? ಮೈದಾನ ಎಂಥದ್ದು? ಹೊಸ ಚೆಂಡು ನಿನ್ನ ಕೈಗೆ ಕೊಡುತ್ತಾರೋ ಇಲ್ಲವೋ? "ಊರು ಬಿಟ್ಟಾಳೆ ಅಂದ್ರೆ ಕೈ ಬಿಟ್ಟು ಹೋಗ್ಯಾಳೇನು, ಹನ್ನೆರಡೇ ಇಡು" ಎನ್ನುತ್ತಾಳೆ ಮಾಲಾ. ನನಗೆ ಧೈರ್ಯ ಬರುತ್ತಿಲ್ಲ. ನೀನೇ ಬರೆ.

ನಯನ


ಉಳವಿ
12 ನವೆಂಬರ್ 2024

ನಯನಾ,

ನಿನ್ನ ಕಾಗದಕ್ಕೆ ನಾನೇ ಠಸ್ಸೆ ಹೊಡೆದು ನಾನೇ ತೆಗೆದುಕೊಂಡೆ. ನಮ್ಮ ಪೋಸ್ಟ್ ಮಾಸ್ತರು ಮಾಸ್ತಪ್ಪನವರು ಕನ್ನಡಕ ಮೇಲೆತ್ತಿ, "ಸ್ವಂತ ಕೈಬರಹದ್ದು ಬಂದು ಎಷ್ಟ್ ಕಾಲ ಆತು ಮಾರಾಯ್ತಿ" ಎಂದು ಲಕೋಟೆಯನ್ನು ತಿರುಗಿಸಿ ತಿರುಗಿಸಿ ನೋಡಿದರು.

ತಂಡದ ವಿಷಯ ಹೇಳದೇ ಇದ್ದದ್ದು ತಪ್ಪು. ಹೇಳಿದರೆ ನೀನು ಬೇಡ ಅನ್ನುತ್ತೀಯ, ನೀನು ಬೇಡ ಅಂದರೆ ನಾನು ಸೇರುವುದಿಲ್ಲ ಅಂತ ಗೊತ್ತಿತ್ತು. ಭಾನುವಾರ ಭಾನುವಾರ ಶಿಕಾರಿಪುರಕ್ಕೆ ಬಂದು ಹೋಗುವುದು ಈ ಕೆಲಸದಲ್ಲಿ ಆಗದು.

ಇಲ್ಲಿ ತಂಡ ನೋಡಿಕೊಳ್ಳುವವರು ರಾಜೇಶ್ವರಮ್ಮ ಟೀಚರ್. ಹೈಸ್ಕೂಲಿನಲ್ಲಿ ಪಿ.ಟಿ. ಟೀಚರಾಗಿದ್ದು ನಿವೃತ್ತರಾದವರು. ಮಾತು ಕಡಿಮೆ. ಮೈದಾನ ನಮ್ಮದಕ್ಕಿಂತ ದೊಡ್ಡದು, ಹೊಡೆದ ಚೆಂಡು ಗೆರೆ ದಾಟುವುದು ಸುಲಭವಲ್ಲ. ಕೀಪರ್ ಚುರುಕಾಗಿದ್ದಾಳೆ. ರೇಣುಕಾ ಅಂತ ಪಿಯುಸಿ ಓದುವ ಹುಡುಗಿಯೊಬ್ಬಳಿದ್ದಾಳೆ, ಓಡಿ ಬಂದು ಜೋರಾಗಿ ಹಾಕುತ್ತಾಳೆ, ನೋಡಲು ಚೆನ್ನ. ಹೊಸ ಚೆಂಡು ನನಗೇ ಅಂದಿದ್ದಾರೆ.

ಹನ್ನೆರಡೇ ಇಡು.

ನಾಗಶ್ರೀ


ಶಿಕಾರಿಪುರ
26 ನವೆಂಬರ್ 2024

ನಾಗು,

ನಿನ್ನ ಕಾಗದ ಓದಿ ಎದೆಯ ಮೇಲಿದ್ದದ್ದು ಇಳಿಯಿತು. ಯಾಕೆ ಅಂತ ಕೇಳಬೇಡ. ಹೊಸ ಚೆಂಡು ನಿನಗೇ ಅಂದರಲ್ಲ, ಅಷ್ಟು ಸಾಕು.

ಹನ್ನೆರಡೇ ಇಟ್ಟೆ. "ತಂಡ ಬದಲಾದ ಬೌಲರ್‌ಗೆ ಅಷ್ಟು ಬೆಲೆ ಯಾರು ಇಡ್ತಾರೆ, ಒಂದ್ನಾಲ್ಕು ಮ್ಯಾಚ್ ನೋಡ್ಬೇಕು" ಎಂದು ಮಾಲಾಳ ಅಣ್ಣ ಹೇಮಂತ್ ವಾದ ಮಾಡಿದ. ಅಂಪೈರ್ ಆದಮೇಲೆ ಎಲ್ಲದಕ್ಕೂ ಬೆರಳೆತ್ತುವುದು ಅಭ್ಯಾಸವಾಗಿದೆ ಅವನಿಗೆ. ದೊಡ್ಡ ಮೈದಾನ, ಒಳ್ಳೆಯ ಕೀಪರ್, ಹೊಸ ಚೆಂಡು, ಮೂರೂ ಇವೆ ಅಂತ ನಿನ್ನ ಕಾಗದದಲ್ಲಿದ್ದದ್ದನ್ನೇ ಹೇಳಿ ಬಾಯಿ ಮುಚ್ಚಿಸಿದೆ. ಪಾಯಿಂಟ್ ಆಟದ ನನ್ನ ತಂಡಕ್ಕೆ ನೀನೇ ನಾಯಕಿ. ನಾಯಕಿಗೆ ಪಾಯಿಂಟು ಎರಡರಷ್ಟು, ಗೊತ್ತಲ್ಲ.

ಸೊರಬ ಸಾಗರವನ್ನು ಸೋಲಿಸಿದ್ದು ವಾಟ್ಸಾಪ್ ಗ್ರೂಪಿನಲ್ಲಿ ಬಂತು. ಯಾರು ಎಷ್ಟು ವಿಕೆಟ್ ತೆಗೆದರು ಅನ್ನುವುದು ಬರಲಿಲ್ಲ. ಉಳಿದ ತಂಡಗಳಿಂದ ಒಬ್ಬೊಬ್ಬರು ಅಂಕಿ ಕಳಿಸುತ್ತಾರೆ, ಸೊರಬದಿಂದ ನೀನೇ ಕಳಿಸಬೇಕು.

ನಯನ


ಉಳವಿ
3 ಡಿಸೆಂಬರ್ 2024

ನಯನಾ,

ಅಂಕಿ ಬರೆಯುತ್ತಿದ್ದೇನೆ. ಸಾಗರದ ಮೇಲೆ ಎರಡು ಓವರ್, ಹನ್ನೊಂದು ರನ್, ಎರಡು ವಿಕೆಟ್. ಮೊದಲನೆಯದು ಅವರ ಓಪನರ್. ಎದುರಿಗೆ ಎತ್ತಲು ಹೋದಳು, ಚೆಂಡು ಬ್ಯಾಟಿನ ಕೆಳಗೆ ನುಗ್ಗಿತು, ನಡುವಿನ ಸ್ಟಂಪು ಕೀಪರ್ ಕಾಲ ಬಳಿ ಹೋಗಿ ಬಿತ್ತು. ಭಾನುವಾರ ಹೊಸನಗರದ ಮೇಲೆ ಒಂಬತ್ತು ರನ್ನಿಗೆ ಮೂರು.

ಉಳಿದವರದ್ದು ಹಿಂದಿನ ಪುಟದಲ್ಲಿದೆ. ರೇಣುಕಾಗೆ ವಿಕೆಟ್ ಇಲ್ಲ.

ಮ್ಯಾಚ್ ನೋಡಲು ಬರುವ ಯೋಚನೆ ಮಾಡಬೇಡ. ಇಲ್ಲಿಗೆ ಬಸ್ಸು ಸರಿಯಿಲ್ಲ, ಮೈದಾನದಲ್ಲಿ ಕೂರಲು ನೆರಳೂ ಇಲ್ಲ.

ನಾಗಶ್ರೀ


ಶಿಕಾರಿಪುರ
23 ಡಿಸೆಂಬರ್ 2024

ನಾಗು,

ಕೂತು ಓದು. ನಿನ್ನ ಹೆಸರು ಜಿಲ್ಲಾ ತಂಡದ ಆಯ್ಕೆ ಶಿಬಿರಕ್ಕೆ ಹೋಗಿದೆ. ಜನವರಿ ಹನ್ನೊಂದು, ಹನ್ನೆರಡು, ಶಿವಮೊಗ್ಗದಲ್ಲಿ.

ಆದದ್ದು ಹೀಗೆ. ಶಿಬಿರಕ್ಕೆ ಪ್ರತಿ ತಾಲ್ಲೂಕಿನಿಂದ ಒಬ್ಬ ಬೌಲರನ್ನು ಕರೆಯಬೇಕು, ಆದರೆ ಆರಿಸುವವರ ಬಳಿ ಎಲ್ಲ ಮ್ಯಾಚಿನ ಲೆಕ್ಕ ಇಲ್ಲ. ಹೇಮಂತ್ ನಮ್ಮ ಪಾಯಿಂಟಿನ ಹಾಳೆಯ ಪ್ರತಿ ಮಾಡಿಸಿಕೊಂಡು ಹೋಗಿ ಅವರ ಮುಂದೆ ಇಟ್ಟನಂತೆ. ಸೊರಬದ ಸಾಲಿನಲ್ಲಿ ನೀನೊಬ್ಬಳೇ ಎತ್ತರದಲ್ಲಿ ನಿಂತಿದ್ದೀಯ. ನಿನ್ನೆ ಅಂಗಡಿಗೆ ಬಂದು, "ನೀನ್ ಇಟ್ಟ ಬೆಲೆ ಸರಿ ಐತೆ ಕಣವ್ವ, ನಾನೇ ಸೋತೆ" ಅಂದ. ನಾನು ಅವನಿಗೆ ಟೀ ತರಿಸಿದೆ.

ನಿನಗೆ ಹೇಳದ ಒಂದು ವಿಷಯವಿತ್ತು. ಇನ್ನು ಹೇಳುವ ಅಗತ್ಯವೇ ಬರುವುದಿಲ್ಲ ಅನಿಸುತ್ತಿದೆ. ಇವತ್ತು ನನಗೆ ಆಗಿರುವಷ್ಟು ಸಂತೋಷ ನಿನಗೂ ಆಗಿರಲಾರದು.

ನಯನ


ಉಳವಿ
28 ಡಿಸೆಂಬರ್ 2024

ನಯನಾ,

ನನ್ನ ಹೆಸರು ತೆಗೆಸು. ಭುಜ ನೋಯುತ್ತಿದೆ. ಕೈ ಮೇಲೆತ್ತಲು ಆಗುತ್ತಿಲ್ಲ. ಹೇಮಂತಣ್ಣನಿಗೆ ಇವತ್ತೇ ಹೇಳು.

ನಾಗಶ್ರೀ


ಶಿಕಾರಿಪುರ
1 ಜನವರಿ 2025

ನಾಗಶ್ರೀ,

ನಿನ್ನ ಕಾಗದ ನಿನ್ನೆ ಸಿಕ್ಕಿತು. ಭುಜದ ನೋವು ಯಾವಾಗಿನಿಂದ? ಕೈ ಎತ್ತಲು ಆಗದವರಿಗೆ ಬರೆಯಲು ತೊಂದರೆಯಿಲ್ಲ ಅಂತ ಕಾಣುತ್ತದೆ. ಅಕ್ಷರ ಎಂದಿನಂತೆ ದುಂಡಗಿದೆ.

ಹೆಸರು ತೆಗೆಸಲು ಹೇಮಂತನಿಗೆ ಕಾರಣ ಹೇಳಬೇಕು. ಭುಜ ಅಂದರೆ ಡಾಕ್ಟರ ಚೀಟಿ ಕೇಳುತ್ತಾನೆ. ನಿನ್ನ ಬದಲು ಸೊರಬದಿಂದ ಯಾರನ್ನು ಕರೆಯಬೇಕು ಅಂತಲೂ ಕೇಳುತ್ತಾನೆ. ಅದಕ್ಕೆ ನಾನು ಏನು ಹೇಳಲಿ, ನೀನೇ ಬರೆದು ಕಳಿಸು. ನಾಲ್ಕು ದಿನ ಕಾಯುತ್ತೇನೆ.

ಇಲ್ಲಿ ಬೇರೆ ವಿಶೇಷವಿಲ್ಲ. ಭಾನುವಾರ ಮನೆಯಲ್ಲೇ ಇದ್ದೆ.

ನಯನ


ಉಳವಿ
6 ಜನವರಿ 2025

ನಯನಾ,

ಆ ಭಾನುವಾರ ನೀನು ಮನೆಯಲ್ಲಿರಲಿಲ್ಲ. ಸೊರಬದ ಮೈದಾನದ ಹೊರಗೆ, ಕಬ್ಬಿನ ಹಾಲಿನ ಗಾಡಿಯ ಪಕ್ಕ ನಿಂತಿದ್ದೆ. ನಿನ್ನ ಸ್ಕೂಟಿ ನೋಡುತ್ತಲೇ ಗೊತ್ತಾಯಿತು. ನಮ್ಮವರೆಲ್ಲ ಫೀಲ್ಡಿಂಗ್‌ಗೆ ಇಳಿದಿದ್ದರು, ಸ್ಕೋರು ಬರೆಯುವ ಮೇಜಿನಲ್ಲಿ ಕೂತಿದ್ದವಳು ತಲೆ ತಗ್ಗಿಸಿಬಿಟ್ಟೆ. ಓವರು ಮುಗಿದು ತಲೆ ಎತ್ತುವಷ್ಟರಲ್ಲಿ ನೀನು ಹೋಗಿದ್ದೆ. ನೀನು ಬಂದು ಕೆನ್ನೆಗೆ ಹೊಡೆದಿದ್ದರೂ ಇಷ್ಟು ಆಗುತ್ತಿರಲಿಲ್ಲ.

ನೀನು ನೋಡಿದ್ದು ನಿಜ. ನನ್ನ ಕೆಲಸ ಅಲ್ಲಿ ಅಷ್ಟೇ. ಸ್ಕೋರು ಬರೆಯುತ್ತೇನೆ, ನೀರು ಕೊಡುತ್ತೇನೆ. ಸೇರಿದ ದಿನದಿಂದ ಒಂದು ಮ್ಯಾಚಿನಲ್ಲೂ ನನ್ನ ಕೈಗೆ ಚೆಂಡು ಬಂದಿಲ್ಲ. ನಿನಗೆ ಬರೆದ ಅಂಕಿಗಳೆಲ್ಲ ರೇಣುಕಾಳವು. ಸಾಗರದ ಓಪನರ್ ಸ್ಟಂಪು ಹಾರಿಸಿದ್ದು ಅವಳು. ಮೊದಲ ಕಾಗದದಲ್ಲಿ ಹೊಸ ಚೆಂಡು ನನಗೇ ಅಂತ ಬರೆದಾಗ ಮುಂದಿನ ವಾರವಾದರೂ ಕೊಟ್ಟಾರು ಅಂದುಕೊಂಡಿದ್ದೆ. ಕೊಡಲಿಲ್ಲ. ಅಷ್ಟರಲ್ಲಿ ನೀನು ಹನ್ನೆರಡು ಇಟ್ಟಾಗಿತ್ತು. ಸೊನ್ನೆ ಅಂತ ಬರೆಯಲು ಕೈ ಬರಲಿಲ್ಲ.

ನಿನ್ನ ಕಾಗದ ಬಂದ ಸಂಜೆ ರಾಜೇಶ್ವರಮ್ಮ ಟೀಚರ ಮನೆಗೆ ಹೋದೆ. ಎಲ್ಲ ಹೇಳಿದೆ. ಅವರು ಬೈಯಲಿಲ್ಲ. ನನಗೇ ತಡೆಯಲಾರದೆ ಕೇಳಿದೆ, "ನನ್ನ ಬೌಲಿಂಗ್‌ನಾಗೆ ಏನ್ ತಪ್ಪೈತೆ ಟೀಚರ್? ಒಂದ್ ಓವರ್ ಹಾಕ್ಸಿ ನೋಡಬೌದಿತ್ತಲ್ರೀ."

ಅವರು ಅಂದರು, "ನಿಂಗೆ ಗೊತ್ತಿಲ್ವನೇ? ನೀನು ಸೇರ್ತಿ ಅಂದಾಗ ನಾನು ಶಿಕಾರಿಪುರಕ್ಕೆ ಫೋನ್ ಮಾಡಿದ್ದೆ. ನಿನ್ನ ಕೀಪರ್ ಹುಡುಗಿ ಹತ್ರನೇ ಕೇಳ್ದೆ. ಆ ಮೈದಾನ ಬಿಟ್ರೆ ಅವಳ ಚೆಂಡು ಎಲ್ಲೂ ನಡಿಯಲ್ಲ, ಹಿಂದೆ ನಾನಿಲ್ಲ ಅಂದ್ರೆ ಅವಳಿಗೆ ಲೈನೇ ಸಿಕ್ಕಲ್ಲ, ಎರಡು ಫೋರ್ ಹೋದ್ರೆ ಅತ್ಕಂಡು ಕೂರ್ತಾಳೆ ಅಂದ್ಲು. ಜೊತೆಗೆ ಆಡಿದೋಳೇ ಹಿಂಗಂದ್ಮೇಲೆ ನಾನು ಎಂತ ಮಾಡ್ಲಿ?"

ನಾನು ಅಲ್ಲಿಂದ ಎದ್ದು ಬಂದೆ. ಬಸ್ ಸ್ಟ್ಯಾಂಡಿನವರೆಗೂ ನಡೆಯುತ್ತ ನಿನ್ನ ಮೇಲೆ ಸಿಟ್ಟು ಬರಿಸಿಕೊಳ್ಳಲು ನೋಡಿದೆ. ಬರಲಿಲ್ಲ. ನಿನ್ನ ಎದೆಯ ಮೇಲಿನದ್ದು ಇಳಿಯಿತು ಅಂತ ಬರೆದಿದ್ದೆಯಲ್ಲ, ಅದು ಏನೆಂದು ಆಗ ತಿಳಿಯಿತು. ನನ್ನ ಸುಳ್ಳು ಓದಿ ನೀನು ನೆಮ್ಮದಿಯಾಗಿದ್ದೆ.

ಮರುದಿನ ಟಪಾಲು ಹಂಚಿ ಮುಗಿಸಿ ರೇಣುಕಾಳ ಮನೆಗೆ ಹೋದೆ. ಅವಳ ಅಮ್ಮ, "ಪೋಸ್ಟಿನವರು ಬಂದ್ರು, ಕೂತ್ಕಳಿ" ಎಂದು ಚಾಪೆ ಹಾಸಿ ಕಾಫಿ ಕೊಟ್ಟರು. ಲೋಟ ಹಿಡಿದುಕೊಂಡೇ ಹೇಳಿದೆ. ಅಮ್ಮನಿಗೆ ಪೂರ್ತಿ ಅರ್ಥವಾಗಲಿಲ್ಲ. ರೇಣುಕಾಗೆ ಆಯಿತು.

"ಎಲ್ಲಾ ನಿಮ್ದೂಂತ ಬರ್ದ್ರಾ ಅಕ್ಕ?"

"ಹ್ಞೂಂ."

"ಸಾಗರದೋಳನ್ನ ಬೌಲ್ಡ್ ಮಾಡಿದ್ದೂ?"

"ಅದೂ."

ಅವಳು ಅಂಗಳದಲ್ಲಿ ಒಣಗಲು ಹಾಕಿದ್ದ ಬಟ್ಟೆ ಮಡಚುತ್ತಿದ್ದಳು, ಅದನ್ನೇ ಮುಂದುವರಿಸಿದಳು. ಮಡಚಿದ್ದನ್ನೇ ಬಿಚ್ಚಿ ಮತ್ತೆ ಮಡಚಿದಳು. ನಾನು ಕಾಫಿ ಅರ್ಧಕ್ಕೆ ಬಿಟ್ಟು ಬಂದೆ.

ಹೇಮಂತಣ್ಣನಿಗೆ ಏನು ಹೇಳಬೇಕು ಅಂತ ಕೇಳಿದ್ದೆಯಲ್ಲ. ಇದನ್ನೇ ಹೇಳು. ನನ್ನ ಹೆಸರು ಹೊಡೆದು ರೇಣುಕಾಳ ಹೆಸರು ಹಾಕಿಸು. ಶನಿವಾರಕ್ಕೆ ಶಿಬಿರ. ಟೀಚರೂ ಶಿವಮೊಗ್ಗಕ್ಕೆ ಫೋನ್ ಮಾಡುತ್ತಿದ್ದಾರೆ. ಕಾಗದ ತಡವಾಗಬಾರದು ಅಂತ ಇದನ್ನು ಶಿಕಾರಿಪುರದ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕೊಟ್ಟಿದ್ದೇನೆ. ಫೋನ್ ಮಾಡಬಹುದಿತ್ತು. ನಿನ್ನ ದನಿ ಕೇಳುವ ಧೈರ್ಯವಾಗಲಿಲ್ಲ.

ನಾಗಶ್ರೀ


ಶಿಕಾರಿಪುರ
20 ಜನವರಿ 2025

ನಾಗಶ್ರೀ,

ಇದಕ್ಕೆ ಮೊದಲು ಬರೆದ ಕಾಗದಗಳನ್ನೆಲ್ಲ ಹರಿದು ಹಾಕಿದ್ದೇನೆ.

ಮೊದಲು ರೇಣುಕಾಳ ವಿಷಯ. ನಿನ್ನ ಕಾಗದ ಕಂಡಕ್ಟರಿಂದ ಸಿಕ್ಕಿದ ಸಂಜೆಯೇ ಹೇಮಂತನ ಮನೆಗೆ ಹೋದೆ. ಅವನು ಓದಿ ಮುಗಿಸಿ, "ನಾನು ಅವರ ಮುಂದೆ ಎದೆ ತಟ್ಕಂಡು ಹೇಳಿ ಬಂದೀನಿ, ಈಗ ಯಾವ ಮುಖ ಇಟ್ಕಂಡು ಹೋಗ್ಲಿ" ಅಂದ. ಆದರೂ ಹೋದ. ಅಲ್ಲಿ ಪಟ್ಟಿ ಬದಲಾಯಿಸಲು ಒಪ್ಪಿಸುವಷ್ಟರಲ್ಲಿ ಮೊದಲ ದಿನ ಕಳೆದಿತ್ತು. ರೇಣುಕಾ ಎರಡನೇ ದಿನ ಟೀಚರ ಜೊತೆ ಬಂದಳು. ಅಷ್ಟರಲ್ಲಿ ಬೌಲರುಗಳನ್ನು ಬಹುಮಟ್ಟಿಗೆ ಆರಿಸಿ ಆಗಿತ್ತು. ಅವಳಿಗೆ ಒಂದು ಓವರ್ ಕೊಟ್ಟರು. ಚೆನ್ನಾಗಿಯೇ ಹಾಕಿದಳಂತೆ. ತಂಡದಲ್ಲಿ ಜಾಗ ಸಿಗಲಿಲ್ಲ. ಮುಂದಿನ ವರ್ಷ ಮೊದಲೇ ಕರೆಯುತ್ತೇವೆ ಅಂದರಂತೆ. ಇಷ್ಟು ಹೇಳಿ ಹೋದ ಹೇಮಂತ್ ಆಮೇಲೆ ನನ್ನ ಜೊತೆ ಮಾತಾಡಿಲ್ಲ.

ಟೀಚರಿಗೆ ನಾನು ಅಂದದ್ದು ನಿಜ, ಒಂದು ಮಾತೂ ಹೆಚ್ಚುಕಡಿಮೆಯಿಲ್ಲ. ನೀನು ಹೇಳದೆ ಆ ತಂಡ ಸೇರಿದ್ದು ಗೊತ್ತಾಗಿ ಎರಡು ದಿನವಾಗಿತ್ತು. ಫೋನ್ ಬಂದಾಗ ಸಿಟ್ಟಿನಲ್ಲಿದ್ದೆ. ಆದರೆ ಸಿಟ್ಟಿನ ಮೇಲೆ ಎಲ್ಲವನ್ನೂ ಹೊರಿಸಿದರೆ ಅದೂ ಸುಳ್ಳಾಗುತ್ತದೆ. ಮೈದಾನದ ಮಾತು, ಕೀಪರ್ ಮಾತು ನಾನು ನಂಬಿದ್ದೇ. ನಾನಿಲ್ಲದೆ ನಿನಗೆ ವಿಕೆಟ್ ಬೀಳುವುದಿಲ್ಲ ಅಂತ ನಂಬಲು ನನಗೆ ಇಷ್ಟವಿತ್ತು. ಅತ್ತುಕೊಂಡು ಕೂರುತ್ತಾಳೆ ಅಂದೆನಲ್ಲ, ಅದೊಂದು ನಿನ್ನನ್ನು ನೋಯಿಸಲೆಂದೇ ಸೇರಿಸಿದ್ದು. ನೀನು ಅತ್ತದ್ದು ಒಂದೇ ಸಲ, ಅದೂ ನಾನು ಕ್ಯಾಚ್ ಬಿಟ್ಟು ನಿನ್ನ ಮೇಲೆ ರೇಗಿದಾಗ.

ಸೊರಬದಿಂದ ಯಾಕೆ ಓಡಿ ಬಂದೆ ಅಂತ ನೀನು ಕೇಳಲಿಲ್ಲ. ನಿನಗೆ ಹೇಳದೆ ಬಂದು, ಶಿಬಿರದ ಖುಷಿಯಲ್ಲಿ ಜೊತೆಗೆ ಊಟ ಮಾಡೋಣ ಅಂದುಕೊಂಡಿದ್ದೆ. ಬಿಸಿಲಿನಲ್ಲಿ ಮೇಜಿನ ಮುಂದೆ ನಿನ್ನನ್ನು ಕಂಡಾಗ ಮೊದಲು ಹೊಳೆದದ್ದು ನಿನ್ನ ಸುಳ್ಳಲ್ಲ, ನನ್ನ ಫೋನಿನ ಮಾತು. ಅದಕ್ಕೇ ಹತ್ತಿರ ಬರಲಾಗಲಿಲ್ಲ. ಆಮೇಲೂ ನಿನ್ನಿಂದಲೇ ಬಾಯಿ ಬಿಡಿಸಬೇಕು ಅಂತ ಆ ಹೊಸ ವರ್ಷದ ಕಾಗದ ಬರೆದೆ. ಅದನ್ನು ನೆನೆದರೆ ಎಲ್ಲಕ್ಕಿಂತ ಹೆಚ್ಚು ನಾಚಿಕೆಯಾಗುತ್ತದೆ.

ಪಾಯಿಂಟ್ ಆಟ ನಿಲ್ಲಿಸಿದೆ. ಅಂಗಡಿಯಲ್ಲಿ ಎಲ್ಲರನ್ನೂ ಕೂರಿಸಿ, ಸೊರಬದ ಅಂಕಿ ಯಾಕೆ ತಪ್ಪಾಯಿತು, ಅದರಲ್ಲಿ ನನ್ನ ಪಾಲೆಷ್ಟು ಅಂತ ಹೇಳಿದೆ. ಮಾಲಾ ಹೊರಡುವಾಗ ಬಾಗಿಲಲ್ಲಿ ನಿಂತು, "ಒಂದ್ ಬಾಯಾಗೆ ಹನ್ನೆರಡು ಅಂತೀಯ, ಒಂದ್ ಬಾಯಾಗೆ ಏನೂ ಇಲ್ಲ ಅಂತೀಯ. ಅವಳ ಬೌಲಿಂಗ್ ನೋಡಿ ಯಾವಾಗ ಹೇಳಿದ್ದೆ ನೀನು?" ಅಂದಳು.

ಫೆಬ್ರವರಿ ಎರಡಕ್ಕೆ ನಿಮ್ಮ ಮ್ಯಾಚು ನಮ್ಮ ಮೇಲೆ, ಇಲ್ಲೇ. ನೀನು ಬರುತ್ತೀಯೋ ಇಲ್ಲವೋ ತಿಳಿಯದು.

ನಯನ


ಉಳವಿ
7 ಫೆಬ್ರವರಿ 2025

ನಯನಾ,

ಬಂದೆನಲ್ಲ. ನೀನೂ ನೋಡಿದೆ, ನಾನೂ ನೋಡಿದೆ, ಕೂತು ಮಾತಾಡಲು ಆಗಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಆಡಿಸುತ್ತಾರೆ ಅಂತ ನನಗೆ ಬೆಳಗಿನವರೆಗೂ ಗೊತ್ತಿರಲಿಲ್ಲ. ಟೀಚರ್ ಬಸ್ಸಿನಲ್ಲಿ ಹೇಳಿದರು. ಬೇಡ ಟೀಚರ್, ಆ ಊರಿನಲ್ಲಿ ಎಲ್ಲರಿಗೂ ವಿಷಯ ಗೊತ್ತಾಗಿದೆ ಅಂದೆ. "ಗೊತ್ತಾಗಿದ್ರೆ ಆತು. ಬಚ್ಚಿಡೋ ಕೆಲಸ ಇಲ್ಲ ಈಗ" ಅಂದರು. ರೇಣುಕಾ ಮುಂದಿನ ಸೀಟಿನಲ್ಲಿದ್ದಳು, ತಿರುಗಿ ನೋಡಲಿಲ್ಲ.

ಆರನೇ ಓವರಿಗೆ ಚೆಂಡು ನನ್ನ ಕೈಗೆ ಬಂದಾಗ ನೀನು ಬ್ಯಾಟ್ ಹಿಡಿದು ನಿಂತಿದ್ದೆ. ಮಾಲಾ, ಹೇಮಂತಣ್ಣ, ಬಳ್ಳಿಗಾವಿಯಿಂದ ಬಂದ ನನ್ನ ಅವ್ವ, ಎಲ್ಲರೂ ಗೆರೆಯಾಚೆ ನಿಂತು ನೋಡುತ್ತಿದ್ದರು. ಓಡಿ ಬರುವಾಗ ನನಗಿದ್ದದ್ದು ಒಂದೇ ಹೆದರಿಕೆ. ನೀನು ಪಾಪ ಅಂತ ಬೇಕೆಂದೇ ಔಟಾಗಿಬಿಟ್ಟರೆ ಏನು ಮಾಡಲಿ ಅಂತ. ನಿನ್ನ ಮುಖದಲ್ಲಿ ಆ ಯೋಚನೆ ಇತ್ತು. ಇಲ್ಲ ಅನ್ನಬೇಡ. ಇಷ್ಟು ವರ್ಷ ಸ್ಟಂಪಿನ ಹಿಂದೆ ನೋಡಿದ ಮುಖ ಅದು. ಮೊದಲ ಚೆಂಡನ್ನು ಹೊಡೆಯಬಹುದಾಗಿದ್ದರೂ ತಡೆದೆ. ಎರಡನೆಯದನ್ನೂ ತಡೆದೆ. ಮೂರನೆಯದು ನನ್ನ ಸ್ಲೋ ಬಾಲ್. ಬಿಡುವ ಮೊದಲೇ ನಿನಗೆ ಗೊತ್ತಾಗುತ್ತದೆ ಅಂತ ನನಗೂ ಗೊತ್ತಿತ್ತು. ಆದರೂ ಹಾಕಿದೆ. ನೀನು ಒಂದು ಹೆಜ್ಜೆ ಮುಂದೆ ಬಂದು ನನ್ನ ತಲೆಯ ಮೇಲೆ ಹೊಡೆದೆ. ಚೆಂಡು ಗೆರೆಯಾಚೆ ಬಿತ್ತು. ನಿಮ್ಮವರು ಯಾರೂ ಚಪ್ಪಾಳೆ ತಟ್ಟಲಿಲ್ಲ. ನೀನು ಬ್ಯಾಟು ನೆಲಕ್ಕೆ ಊರಿ ನನ್ನ ಕಡೆ ನೋಡದೆ ನಿಂತೆ.

ಆ ಹೊಡೆತಕ್ಕೆ ನನಗೆ ಬೇಸರವಿಲ್ಲ. ನೀನು ನನ್ನ ಚೆಂಡಿಗೆ ಬೇಕೆಂದೇ ಔಟಾಗಿದ್ದರೆ ಇವತ್ತು ಈ ಕಾಗದ ಬರೆಯುತ್ತಿರಲಿಲ್ಲ.

ವಿಕೆಟ್ ಬೀಳಲಿಲ್ಲ. ಇನ್ನೊಂದು ಓವರ್ ಕೇಳುವ ಮುಖವಿರಲಿಲ್ಲ, ಟೀಚರೂ ಕೊಡಿಸಲಿಲ್ಲ. ನಿನ್ನನ್ನು ಔಟು ಮಾಡಿದ್ದು ರೇಣುಕಾ. ಕ್ಯಾಚು ನನ್ನ ಕಡೆಗೇ ಬಂತು. ಹಿಡಿದು ಚೆಂಡನ್ನು ಅವಳ ಕೈಗೆ ಕೊಟ್ಟೆ. "ಚೆನ್ನಾಗಿ ಹಿಡಿದ್ರಿ" ಅಂದಳು. ಅಕ್ಕ ಅನ್ನಲಿಲ್ಲ. ಮೊದಲು ಪ್ರತಿ ಮಾತಿಗೂ ಅನ್ನುತ್ತಿದ್ದಳು.

ಮ್ಯಾಚು ಮುಗಿದಮೇಲೆ ನೀನು ನಮ್ಮ ಬಸ್ಸಿನ ಹತ್ತಿರ ಬಂದದ್ದು ನನಗೆ ಗೊತ್ತು. ಹಿಂದಿನ ಸೀಟಿನಲ್ಲಿ ಅವ್ವ ಕೊಟ್ಟ ಬುತ್ತಿ ಬಿಚ್ಚುವ ನೆಪದಲ್ಲಿ ತಲೆ ತಗ್ಗಿಸಿ ಕೂತಿದ್ದೆ. ಬುತ್ತಿ ಬಿಚ್ಚಲೂ ಇಲ್ಲ, ಇಳಿದು ಬರಲೂ ಇಲ್ಲ. ನೀನು ಕಿಟಕಿಯ ಕೆಳಗೆ ನಿಂತು, "ನಾಗು, ರೊಟ್ಟಿ ಆರೋಗ್ತಾವೆ, ಉಣ್ಣು" ಅಂದು ಹೋದೆ. ಬಸ್ಸು ಊರು ದಾಟಿದ ಮೇಲೆ ತಿಂದೆ. ಒಂದು ರೊಟ್ಟಿ ರೇಣುಕಾಗೆ ಕೊಟ್ಟೆ. ತೆಗೆದುಕೊಂಡಳು.

ಮ್ಯಾಚಿಲ್ಲದ ಒಂದು ಭಾನುವಾರ ಉಳವಿಗೆ ಬಾ. ನಾನು ಬಸ್ಸಿಳಿಯುವಲ್ಲಿಗೇ ಬರುತ್ತೇನೆ. ಏನು ಮಾತಾಡಬೇಕೋ ತಿಳಿಯದು. ಬಾ.

ನಾಗಶ್ರೀ